ಗಾಳದ ಕೋಲಿಗೆ ಉಂಗುರ ತೊಡಿಸುವ ಜುಪಾರ್

ಬಾಲ್ಖಾಶ್ ಸರೋವರದ ಮೇಲೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದೋಣಿಕಟ್ಟೆಯ ಪಕ್ಕದ ತಗಡಿನ ಅಂಗಡಿಗೆ, ಅವರ ಬಗ್ಗೆ ಬರೆಯಲೆಂದು ನಾನು ಬಂದಾಗ, ಜುಪಾರ್ ಆಗಲೇ ಕನ್ನಡಕ ಏರಿಸಿ ಕೂತಿದ್ದಾರೆ. ಮಡಿಲಲ್ಲಿ ಗಾಳದ ಕೋಲು. ದಾರ ಹಾಯುವ ಒಂದೊಂದು ಉಂಗುರದೊಳಗೂ ಹತ್ತಿಯ ಎಳೆ ತೂರಿಸಿ ಮೆಲ್ಲಗೆ ಆಡಿಸುತ್ತಾರೆ. ತುದಿಯ ಉಂಗುರದಲ್ಲಿ ಹತ್ತಿ ಸಿಕ್ಕಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಬಿರುಕೊಂದು ಅಲ್ಲಿದೆ.

ಕೋಲಿನ ಒಡೆಯ, ಬಸ್ ಚಾಲಕ ಸೆಯಿತ್ಕಲಿ, ಬಾಗಿಲಲ್ಲಿ ಚಡಪಡಿಸುತ್ತಿದ್ದಾರೆ. ಇವತ್ತು ಊರಿನ ಸಜಾನ್ ಮೀನಿನ ಸ್ಪರ್ಧೆ. ಹೋದ ವರ್ಷ ದಡದ ತನಕ ಬಂದ ಮೀನು ದಾರ ಹರಿದುಕೊಂಡು ಹೋದದ್ದನ್ನು ಪ್ರಯಾಣಿಕರು ಈಗಲೂ ಎತ್ತಿ ಆಡುತ್ತಾರಂತೆ.

"ದಾರ ಕತ್ತರಿಸಿದ್ದು ಈ ಉಂಗುರ ಕಣೋ," ಎನ್ನುತ್ತಾರೆ ಜುಪಾರ್. "ಅತ್ತೆ ಕಣ್ಣು ಬಿತ್ತು ಅಂತ ವರ್ಷವೆಲ್ಲ ಆ ಮುದುಕೀನ ಬೈದೆಯಲ್ಲ!"

ಈ ಕೆಲಸ ಮೊದಲು ಗಂಡ ಕೆನೆಬಾಯ್ ಅವರದು. ದೋಣಿ ಎಳೆಯುವ ರಾಟೆಗೆ ಅವರ ಬಲಗೈ ಸಿಕ್ಕಿ ಬೆರಳುಗಳು ಮಡಚದಂತಾದಾಗ, ಮನೆ ತುಂಬ ರಿಪೇರಿಗೆ ಬಂದ ಕೋಲುಗಳಿದ್ದವು. ಅವರು ಹೇಳುವುದು, ಇವರು ಅಳೆಯುವುದು ಎಂದಾಯಿತು. ಮೊದಲ ಕೋಲಿನಲ್ಲೇ ಜುಪಾರ್ ಹಳೆ ಉಂಗುರದ ಬುಡದ, ಕೋಲಿನ ತುದಿಗೆ ತೊಡಿಸುವ ಕೊಳವೆಯ ಒಳಗನ್ನು ಬಿಟ್ಟು ಹೊರಗನ್ನು ಅಳೆದರು. ಗಾಳ ಬೀಸಿದ ಏಟಿಗೆ ಸಡಿಲವಾಗಿ ಕೂತಿದ್ದ ಹೊಸ ಉಂಗುರವೂ ಹಾರಿ ನೀರು ಸೇರಿತು. ಜಗಳಕ್ಕೆ ಬಂದವನು ಕಥೆ ಕೇಳಿ ನಕ್ಕು, ಚಹಾ ಕುಡಿದು ಹೋದ. ನಗದವರು ಕೆನೆಬಾಯ್ ಒಬ್ಬರೇ. ಆಮೇಲೆ ಅವರೇ ಹಿಡಿ ತುಂಬ ಡ್ರಿಲ್ ಕಡ್ಡಿಗಳನ್ನು ಹೆಂಡತಿಯ ಮುಂದೆ ಸುರಿದರು. ಕೊಳವೆಯೊಳಗೆ ಅಲುಗಾಡದೆ ಕೂರುವ ಕಡ್ಡಿ ಯಾವುದೋ ಅದೇ ಅಳತೆ. ರೊಟ್ಟಿ ಹಿಟ್ಟು ಉಬ್ಬುವಷ್ಟು ಹೊತ್ತೂ ಜುಪಾರ್ ಕಣ್ಣು ಮುಚ್ಚಿ ಕಡ್ಡಿ ತೂರಿಸಿ ಕಲಿತರು. ಈಗ ಸರೋವರದ ಆ ತುದಿಯಿಂದಲೂ ಕೋಲುಗಳು ಬರುತ್ತವೆ. ಕೆನೆಬಾಯ್ ಚಹಾ ಕಾಸುತ್ತಾ, ಕಲಿಸಿದ್ದು ತಾನೇ ಎಂದು ಬಂದವರಿಗೆಲ್ಲ ಸಾರುತ್ತಾರೆ.

ಇವತ್ತಿನ ಕೋಲು ಮಾತ್ರ ಮೊಂಡು. ಡಬ್ಬಿಯಲ್ಲಿರುವ ಚಿಕ್ಕ ಉಂಗುರ ತುದಿಗೆ ಇಳಿಯದು, ಅದಕ್ಕಿಂತ ಒಂದು ಅಳತೆ ದೊಡ್ಡದು ಲೊಡಲೊಡ ಅಲ್ಲಾಡುತ್ತದೆ. ಸೆಯಿತ್ಕಲಿ ಮುಖ ಸಣ್ಣದಾಗುತ್ತದೆ. ಸರಿಹೊಂದುವ ಉಂಗುರ ಇರುವುದು ಎಲ್ಲಿ ಎಂದು ಗಂಡ ಹೆಂಡತಿ ಇಬ್ಬರಿಗೂ ಗೊತ್ತು: ಕೈ ಕೆಟ್ಟಂದಿನಿಂದ ಗೋಡೆಯಲ್ಲೇ ತೂಗುತ್ತಿರುವ ಕೆನೆಬಾಯ್ ಅವರ ಕೋಲಿನಲ್ಲಿ. ಜುಪಾರ್ ಅತ್ತ ನೋಡುವುದೂ ಇಲ್ಲ.

ಕೆನೆಬಾಯ್ ಎದ್ದು, ಎಡಗೈಯಿಂದ ಅದನ್ನು ಇಳಿಸಿ ಹೆಂಡತಿಯ ಮುಂದೆ ಹಿಡಿಯುತ್ತಾರೆ.

"ಅಳೆದು ನೋಡು. ಗೋಡೆ ಮೇಲೆ ಯಾವ ಮೀನೂ ಬರಲ್ಲ."

"ನಿಜವಾಗ್ಲೂ ತೆಗೀಲಾ?"

"ಕೈ ನೋಯ್ತಿದೆ, ಬೇಗ ಹಿಡ್ಕೋ."

ಜುಪಾರ್ ತುದಿಯನ್ನು ದೀಪಕ್ಕೆ ತುಸು ಬಿಸಿಮಾಡಿ ಉಂಗುರ ಬಿಡಿಸಿ, ಕಡ್ಡಿ ತೂರಿಸಿ ನೋಡುತ್ತಾರೆ. ಸರಿಯಾಗಿದೆ. ಅಂಟು ಸವರಿದಾಗ ಅದು ಸೆಯಿತ್ಕಲಿಯ ಕೋಲಿಗೆ ನುಣ್ಣಗೆ ಇಳಿಯುತ್ತದೆ. ಕೆನೆಬಾಯ್ ಮಾತ್ರ ಕೆಟಲಿನ ಕಡೆಗೇ ಮುಖ ಮಾಡಿ ನಿಂತಿದ್ದಾರೆ.

ಸಂಜೆ ಸೆಯಿತ್ಕಲಿ ಮಗುವನ್ನು ಎತ್ತಿಕೊಂಡಂತೆ ಮೀನನ್ನು ತಬ್ಬಿಕೊಂಡು ಬರುತ್ತಾರೆ. ಸ್ಥಾನ ಮೂರನೆಯದು, ಗತ್ತು ಮೊದಲನೆಯದು. ಅರ್ಧ ಮೀನು ಜುಪಾರ್ ಅಕ್ಕನಿಗೆ, ಇನ್ನರ್ಧ ಅತ್ತೆಗೆ ಎಂದು ಹಂಚುತ್ತಾರೆ.

ಬಾಣಲೆ ಕಾಯುತ್ತಿರುವಾಗ ಜುಪಾರ್ ಅವರಿಗೆ ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಅವರು ನಾಚಿಕೊಂಡೇ ಹೇಳುತ್ತಾರೆ: "ನಾನು ಇದುವರೆಗೂ ಒಂದು ಮೀನೂ ಹಿಡಿದಿಲ್ಲ. ಯಾರೂ ಕರೀಲೇ ಇಲ್ಲ."

ಕೆನೆಬಾಯ್ ಅವರ ಚಹಾ ಬಟ್ಟಲು ತುಟಿಯ ಹತ್ತಿರವೇ ನಿಲ್ಲುತ್ತದೆ. ಭಾನುವಾರ ತನ್ನ ದೋಣಿ ತರುವುದಾಗಿ ಸೆಯಿತ್ಕಲಿ ಹೇಳುತ್ತಾರೆ. "ನಾನೂ ಬರ್ತೀನಿ," ಎನ್ನುತ್ತಾರೆ ಕೆನೆಬಾಯ್.

"ಬನ್ನಿ," ಎನ್ನುತ್ತಾರೆ ಜುಪಾರ್. "ಆದ್ರೆ ಮೀನು ಎಳೆಯೋವಾಗ ನೀವಿಬ್ರೂ ಬಾಯಿ ಮುಚ್ಕೊಂಡಿರಬೇಕು. ಕೈ ಅಂತೂ ಹಾಕೋ ಹಾಗೇ ಇಲ್ಲ."