ಆಂಟಿಯ ಆರ್‌ವಿಗೆ ಬಂದ ಬಾರ್ಬೆಕ್ಯೂ

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಬಿಳಿ ಸ್ನೀಕರ್ಸ್ ಹಾಕಿ, ಸೀಟಿನ ಮೇಲೆ ದಿಂಬಿಟ್ಟುಕೊಂಡು ಕೂತರೂ ಆಂಟಿಯ ಮೂಗುಬೊಟ್ಟು ಸ್ಟಿಯರಿಂಗಿಗಿಂತ ಸ್ವಲ್ಪವೇ ಮೇಲಿರುತ್ತಿತ್ತು. ಅಷ್ಟು ಗಿಡ್ಡ ಹೆಂಗಸು ಅಡುಗೆಮನೆ, ಮಂಚ, ಬಚ್ಚಲು ಎಲ್ಲ ಇರುವ ಆರ್‌ವಿಯನ್ನು ಓಡಿಸುವುದನ್ನು ಕಂಡು ಹೈವೇಯ ಟ್ರಕ್ಕಿನವರು ಹಾರ್ನ್ ಹೊಡೆದು ಕೈ ಬೀಸುತ್ತಿದ್ದರು. ಪಕ್ಕದಲ್ಲಿ ಅಂಕಲ್ ಮ್ಯಾಪ್ ಬಿಡಿಸಿಕೊಂಡು ಕೂತಿರುತ್ತಿದ್ದರು. ಅವರು ಹೇಳಿದ ಎಕ್ಸಿಟ್ಟನ್ನು ಆಂಟಿ ತೆಗೆದುಕೊಂಡಿದ್ದನ್ನು ನಾನಂತೂ ನೋಡಿಲ್ಲ.

ತೊಂಬತ್ತರ ದಶಕದಲ್ಲಿ ಅಟ್ಲಾಂಟಾದಲ್ಲಿ ಅವರು ನಮ್ಮ ಪಕ್ಕದ ಮನೆಯವರು, ಮೈಸೂರಿನವರು. ಕಂಡವರ ಪಾತ್ರೆಯಲ್ಲಿ ಊಟ ಸೇರದೆಂದೇ ಆಂಟಿ ಆ ಹಳೇ ಆರ್‌ವಿ ಕೊಳ್ಳಿಸಿದ್ದು. ಅದರೊಳಗೆ ಮೊಟ್ಟೆಗೂ ಪ್ರವೇಶವಿರಲಿಲ್ಲ. ಒಮ್ಮೆ ಅಂಕಲ್ಲಿನ ಆಫೀಸಿನ ಗೆಳೆಯ ಟರ್ಕಿ ಕೋಳಿಯ ಸ್ಯಾಂಡ್‌ವಿಚ್ ತಂದಾಗ ಆಂಟಿ ಅವನನ್ನು ಮಳೆಯಲ್ಲೇ ಕೆಳಗಿಳಿಸಿದರು. ಅವನು ತಿಂದು ಮುಗಿಸುವವರೆಗೂ ತಾವೇ ಕೊಡೆ ಹಿಡಿದು ನಿಂತರು, ನಿಜ. ಆದರೆ ಒಳಗೆ ಮಾತ್ರ ಬಿಡಲಿಲ್ಲ.

ನಾನೋ ಮಂಡ್ಯದ ಕಡೆಯವಳು, ಮಾಂಸದ ಸಾರು ಉಂಡು ಬೆಳೆದವಳು. ಆ ವರ್ಷ ಬಸುರಿಯಾಗಿದ್ದೆ. ಮೊದಲನೆಯದು ನಿಂತಿರಲಿಲ್ಲ. ಇದು ನಿಂತಿತ್ತು, ಆದರೆ ಹೊಟ್ಟೆಯಲ್ಲಿ ಅನ್ನ ನಿಲ್ಲುತ್ತಿರಲಿಲ್ಲ. ತೂಕ ಇನ್ನೂ ಇಳಿದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಮ್ಮನಿಗೆ ವೀಸಾ ಸಿಗಲಿಲ್ಲ. ರಾತ್ರಿ ಹಗಲು ನನಗೊಂದೇ ಭಯ, ಇದನ್ನೂ ಕಳೆದುಕೊಳ್ಳುತ್ತೇನೆಂದು.

"ಲ್ಯಾನ್‌ಹ್ಯಾಮ್ ದೇವಸ್ಥಾನ ಒಂದು ದಿನದ ದಾರಿ, ಅಲ್ಲೊಂದು ಅರ್ಚನೆ ಮಾಡಿಸ್ಕೊಂಡು ಬರೋಣ. ನೀನು ಮಲಗಿಕೊಂಡೇ ಬಾ," ಎಂದು ಆಂಟಿ ನನ್ನನ್ನೂ ನನ್ನ ಗಂಡನನ್ನೂ ಹೊರಡಿಸಿದರು. ದಾರಿಯುದ್ದಕ್ಕೂ ತಿಳಿಸಾರು, ಮಜ್ಜಿಗೆ, ಅರಳಿನ ಗಂಜಿ ಕೊಟ್ಟು ನೋಡಿದರು. ಎಲ್ಲವೂ ಬಂದ ದಾರಿಯಲ್ಲೇ ಹೋಯಿತು.

ಸಂಜೆ ಷಾರ್ಲೆಟ್ ನಗರ ದಾಟಿ ಒಂದು ಪುಟ್ಟ ಊರಿನಲ್ಲಿ ಪೆಟ್ರೋಲ್ ಹಾಕಿಸಲು ನಿಲ್ಲಿಸಿದೆವು. ಎದುರಿಗೆ ಬಾರ್ಬೆಕ್ಯೂ ಅಂಗಡಿ. ಹಿತ್ತಲಿನಲ್ಲಿ ಸೌದೆ ಉರಿಯುತ್ತಿತ್ತು. ಆ ಹೊಗೆ ಕಿಟಕಿಯಲ್ಲಿ ಒಳಗೆ ಬಂತು ನೋಡಿ, ವಾಕರಿಕೆ ಬರಬೇಕಾಗಿದ್ದ ನನ್ನ ಬಾಯಲ್ಲಿ ನೀರೂರಿತು. ಎಷ್ಟೋ ವಾರಗಳ ಮೇಲೆ ಹಸಿವು. ಗಂಡನ ಕಿವಿಯಲ್ಲಿ ಮೆಲ್ಲಗೆ ಹೇಳಿದೆ.

ಆಂಟಿಯ ಕಣ್ಣು ಕನ್ನಡಿಯಲ್ಲಿತ್ತು. "ಏನೇ ಅದು ಗುಸುಗುಸು?"

"ಏನಿಲ್ಲ ಆಂಟಿ."

"ಏನಿಲ್ದೆ ಮುಖ ಹೀಗೆ ಅರಳತ್ತಾ? ಹೇಳು."

ಗಂಡ ತಡವರಿಸಿದ. "ಅವಳಿಗೆ ಬಾರ್ಬೆಕ್ಯೂ ತಿನ್ಬೇಕು ಅನ್ನಿಸ್ತಿದೆಯಂತೆ. ಬಿಡಿ ಆಂಟಿ, ದೇವಸ್ಥಾನಕ್ಕೆ ಹೊರಟಿದೀವಿ. ವಾಪಸ್ ಬರ್ತಾ ನೋಡೋಣ."

"ವಾಪಸ್ ಬರೋವರೆಗೂ ಬಯಕೆ ಕಾಯ್ಕೊಂಡು ಕೂತಿರತ್ತೇನಪ್ಪಾ? ಬಸುರಿ ಬಾಯಿಬಿಟ್ಟು ಕೇಳಿದಾಗ ಇಲ್ಲ ಅನ್ನಬಾರದು," ಎಂದವರೇ ಆಂಟಿ ಸೀಟಿನಿಂದ ಇಳಿದು ರಸ್ತೆ ದಾಟಿಬಿಟ್ಟರು. ಅಂಕಲ್ ಮ್ಯಾಪ್ ಮಡಿಸಿಟ್ಟರು.

ಮೂಗಿಗೆ ಸೆರಗು ಒತ್ತಿಕೊಂಡು ಅವರು ಟೇಕ್‌ಔಟ್ ಕಿಟಕಿಯ ಮುಂದೆ ನಿಂತಿದ್ದು ನನಗೆ ಕಾಣುತ್ತಿತ್ತು. ಕೈಯನ್ನು ಹೊಟ್ಟೆಯ ಮುಂದೆ ದುಂಡಗೆ ಆಡಿಸಿ ಏನೋ ವಿವರಿಸಿದರು. ಒಳಗಿದ್ದ ದಪ್ಪ ಹೆಂಗಸು ನಕ್ಕು, ಕಿಟಕಿಯಿಂದ ಬಗ್ಗಿ, ನನ್ನತ್ತ ನೋಡಿ ಕೈ ಬೀಸಿದಳು.

"ಹಂದಿ ಬೇಡ ಅಂದೆ, ಕೋಳಿ ಕೊಟ್ಟಳು. ಪಾಪ, ಒಳ್ಳೆಯವಳು. ನೀನೂ ಒಂದಿಷ್ಟು ಬೀನ್ಸ್ ತಗೋ ಅಂದಳು, ನೋಡಿದರೆ ಅದಕ್ಕೂ ಹಂದಿ ಹಾಕಿದಾರೆ. ಈ ಊರಲ್ಲಿ ಹಂದಿ ಹಾಕದೇ ಇರೋದು ಕಾಫಿಗೆ ಮಾತ್ರ ಅಂತ ಕಾಣತ್ತೆ," ಎಂದು ಗೊಣಗುತ್ತ ಡಬ್ಬಿಯನ್ನು ನನ್ನ ಕೈಗಿಟ್ಟರು.

ನಾನು ಡಬ್ಬಿ ಹಿಡಿದು ಬಾಗಿಲ ಕಡೆ ಹೊರಟೆ.

"ಎಲ್ಲಿಗೆ?"

"ಕೆಳಗಿಳಿದು ತಿಂತೀನಿ ಆಂಟಿ."

"ಬಸುರಿ ಹೆಣ್ಣನ್ನ ಬೀದೀಲಿ ನಿಲ್ಲಿಸಿ ಉಣ್ಣಿಸ್ತೀನಾ ನಾನು? ಕೂತ್ಕೊಳ್ಳೆ. ನನ್ನ ನೇಮ ನನ್ನ ನಾಲಿಗೆಗೆ, ನಿನ್ನ ಹೊಟ್ಟೆಗಲ್ಲ. ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ದೇವಸ್ಥಾನಕ್ಕೆ ಹೋದರಾಯ್ತು. ದೇವರಿಗೂ ಗೊತ್ತು."

ಮಡಚುವ ಟೇಬಲ್ಲಿನ ಈ ತುದಿಯಲ್ಲಿ ನನ್ನ ಕೋಳಿ, ಆ ತುದಿಯಲ್ಲಿ ಆಂಟಿಯ ಮೊಸರನ್ನ. ಕೆಂಡದಲ್ಲಿ ನಿಧಾನವಾಗಿ ಬೆಂದ ಮಾಂಸ ಎಳೆ ಎಳೆಯಾಗಿ ಬಿಟ್ಟುಕೊಳ್ಳುತ್ತಿತ್ತು. ಮೇಲೆ ವಿನೆಗರಿನ ಹುಳಿ, ಒಣಮೆಣಸಿನ ಖಾರ. ನಾನು ಗಬಗಬ ತಿಂದೆ. ಆಂಟಿ ನನ್ನ ತಟ್ಟೆ ನೋಡದೆ, ನನ್ನ ಮುಖವನ್ನೇ ನೋಡುತ್ತ ಕೂತಿದ್ದರು. ಆಮೇಲೆ ಎಲ್ಲರೂ ಕಾದೆವು. ಗಂಡ ಬಕೆಟ್ ಹಿಡಿದುಕೊಂಡೇ ಕೂತಿದ್ದ. ಹೊಟ್ಟೆ ತೊಳಸಲಿಲ್ಲ. ನನಗೆ ನಿದ್ದೆ ಬಂತು.

"ನಿಂತ್ಕೊಂಡಿತು ಕಣ್ರೀ," ಎಂದು ಆಂಟಿ ಅಂಕಲ್ಲಿಗೆ ಹೇಳಿದ್ದು ಅರೆನಿದ್ದೆಯಲ್ಲಿ ಕೇಳಿಸಿತು. ಮರುದಿನ ದೇವಸ್ಥಾನದಲ್ಲಿ ಮೊಸರನ್ನದ ಪ್ರಸಾದವೂ ನಿಂತಿತು. ಅಲ್ಲಿಂದ ಮುಂದೆ ನಾನು ಚೇತರಿಸಿಕೊಂಡೆ.

ಮಗಳು ಹುಟ್ಟಿದಾಗ ಮೊದಲು ಎತ್ತಿಕೊಂಡವರು ಆಂಟಿ. ಬಾಣಂತನವನ್ನೂ ಅವರೇ ಮಾಡಿದರು, ಎಣ್ಣೆ ಒತ್ತಿ, ನೀರು ಹಾಕಿ, ಬೈದು ಬೈದು ಉಣ್ಣಿಸಿ. ಮಗಳು ಸ್ಕೂಲಿಗೆ ಸೇರಿದ ವರ್ಷ ಅವರು ನಿದ್ದೆಯಲ್ಲೇ ಹೋದರು. ಆಗ ಅತ್ತಷ್ಟು ನಾನು ಮತ್ತೆಂದೂ ಅತ್ತಿಲ್ಲ.

ಊರಿಗೆ ಹೋದಾಗ ಯಾರಾದರೂ, ಪಾಪ, ತಾಯಿ ಹತ್ತಿರವಿಲ್ಲದೆ ಹೆತ್ತಳು ಎಂದು ಮರುಗಿದರೆ ಅಮ್ಮನೇ ಅವರ ಬಾಯಿ ಮುಚ್ಚಿಸುತ್ತಾಳೆ: "ಯಾರು ಹೇಳಿದ್ದು? ದೇವಸ್ಥಾನಕ್ಕೆ ಹೋಗೋ ದಾರೀಲಿ ನಾನಾಗಿದ್ರೆ ಕೋಳಿ ಮುಟ್ಟಕ್ಕೂ ಬುಡ್ತಿರ್ನಿಲ್ಲ."