ನೆಲ ನೋಡುತ್ತಾ ಕೇಳಿದ ಪುಸ್ತಕಗಳು

ಆ ಬೆಳಿಗ್ಗೆ ನನ್ನ ಬ್ಯಾಗಿನಲ್ಲಿ ಎರಡು ಪುಸ್ತಕಗಳಿದ್ದವು. ಒಂದು, ಬೆಟ್ಟದ ಮೇಲಿನ ಲಾಡ್ಜಿನಲ್ಲಿ ನಡೆಯುವ ಕೊಲೆಯ ಕಾದಂಬರಿ. ಇನ್ನೊಂದು, ಜೇನುನೊಣಗಳ ಬಗ್ಗೆ. ನನ್ನ ಓದು ಯಾವಾಗಲೂ ಹೀಗೇ, ಕಥೆಯೊಂದು, ಕಥೆಯಲ್ಲದ್ದೊಂದು ಜೊತೆಜೊತೆಯಾಗಿ ನಡೆಯಬೇಕು. ಕಥೆಯಲ್ಲಿ ಎದೆ ಹೊಡೆದುಕೊಳ್ಳತೊಡಗಿದರೆ ಜೇನುಗೂಡಿಗೆ ಓಡುತ್ತೇನೆ, ಅಲ್ಲಿ ತಲೆ ಭಾರವಾದರೆ ಲಾಡ್ಜಿಗೆ ಮರಳುತ್ತೇನೆ. ಗಂಗಾನಗರದ ಮನೆಯಿಂದ ಯಲಹಂಕದ ಆಫೀಸಿಗೆ ಹೋಗುವ ಬಸ್ಸು ಹೆಬ್ಬಾಳದಲ್ಲಿ ಎಷ್ಟು ಹೊತ್ತು ನಿಂತರೂ ಅದರಿಂದಾಗಿಯೇ ನನಗೆ ಬೇಸರವಾಗುತ್ತಿರಲಿಲ್ಲ.

ಬಸ್ಸು ಫ್ಲೈಓವರ್ ಏರುತ್ತಿದ್ದಾಗ ಪುಟದ ಮೇಲೆ ಸೊಳ್ಳೆ ಕೂತಂತೆ ಕಂಡಿತು. ಬೆರಳಿನಿಂದ ಕೊಡವಿದೆ. ಹೋಗಲಿಲ್ಲ. ಕಣ್ಣು ಆಡಿಸಿದ ಕಡೆಗೆಲ್ಲ ಅದೂ ತೇಲಿಕೊಂಡು ಬಂತು. ಸ್ವಲ್ಪ ಹೊತ್ತಿಗೆ ಅಂಥವೇ ಹತ್ತಾರು, ಒಲೆಯ ಮಸಿ ಗಾಳಿಗೆ ಹಾರಿದಂತೆ. ಎಡಗಡೆ ಮಿಂಚು ಹೊಡೆದ ಹಾಗಾಯಿತು. ಕಿಟಕಿಯ ಆಚೆ ನೋಡಿದರೆ ಕೆರೆಯ ಮೇಲೆ ಬಿಸಿಲು, ಆಕಾಶ ಸ್ವಚ್ಛವಾಗಿತ್ತು. ನಿದ್ದೆ ಸಾಲದೆ ಹೀಗಾಗಿದೆ ಎಂದುಕೊಂಡು ಪುಸ್ತಕ ಮುಚ್ಚಿದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಎಡಗಡೆಯಿಂದ ನೆರಳೊಂದು ಬಂದು ನಿಂತಿತ್ತು. ಯಾರೋ ಪಕ್ಕದಲ್ಲಿ ನಿಂತಿದ್ದಾರೆಂದು ತಿರುಗಿದೆ. ಯಾರೂ ಇರಲಿಲ್ಲ. ಬಲಗಣ್ಣು ಮುಚ್ಚಿ ಪುಸ್ತಕ ತೆರೆದೆ. ಸಾಲುಗಳ ಮೊದಲ ಅಕ್ಷರಗಳೇ ಇಲ್ಲ. ಎಲ್ಲ ಸಾಲುಗಳೂ ನಡುವಿನಿಂದ ಶುರುವಾಗುತ್ತಿದ್ದವು. ಡಬ್ಬಿ ಮುಚ್ಚಿಟ್ಟು ಗಂಡನಿಗೆ ಫೋನು ಮಾಡಿದೆ.

ಸಂಜೆಯೊಳಗೆ ನಾನು ಮತ್ತು ನನ್ನ ಗಂಡ ಕಣ್ಣಾಸ್ಪತ್ರೆಯಲ್ಲಿದ್ದೆವು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ನನ್ನ ಕಣ್ಣೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು.

“ಕಣ್ಣಿನ ಹಿಂದೆ ರೆಟಿನಾ ಅಂತ ಒಂದು ಪದರ ಇರುತ್ತೆ. ಗೋಡೆ ಸುಣ್ಣ ಹಕ್ಕಳೆ ಏಳತ್ತಲ್ಲ, ಹಾಗೆ ಅದು ಎದ್ದುಬಿಟ್ಟಿದೆ. ನಾಳೇನೇ ಆಪರೇಷನ್ ಮಾಡ್ಬೇಕು” ಎಂದರು.

“ಓದೋಕಾಗತ್ತಾ ಆಮೇಲೆ?” ನನ್ನ ಬಾಯಿಂದ ಬಂದ ಮೊದಲ ಪ್ರಶ್ನೆ ಅದೇ.

“ಈಗಲೇ ಹೇಳೋಕಾಗಲ್ಲ. ಪ್ರಯತ್ನ ಮಾಡೋಣ.”

ಆಪರೇಷನ್ ಆಯಿತು. ಕಣ್ಣೊಳಗೆ ಗ್ಯಾಸಿನ ಗುಳ್ಳೆಯೊಂದನ್ನು ತುಂಬಿದ್ದರು. ಎದ್ದ ಪದರವನ್ನು ಆ ಗುಳ್ಳೆ ಒತ್ತಿ ಹಿಡಿಯಬೇಕು, ಅದಕ್ಕಾಗಿ ಒಂದು ವಾರವಾದರೂ ಹಗಲೂ ರಾತ್ರಿ ಮುಖ ಕೆಳಗೆ ಮಾಡಿಯೇ ಇರಬೇಕು. ಊಟಕ್ಕೆ, ಬಚ್ಚಲಿಗೆ ಎದ್ದರೂ ತಲೆ ಎತ್ತುವಂತಿಲ್ಲ. ಬಲಗಣ್ಣಿನಲ್ಲಿ ಓದುವಂತೆಯೂ ಇಲ್ಲ, ಒಂದು ಕಣ್ಣು ಸಾಲಿನ ಹಿಂದೆ ಓಡಿದರೆ ಇನ್ನೊಂದೂ ಓಡುತ್ತದಂತೆ. ಬಲಗಣ್ಣಿನಲ್ಲೂ ಒಂದು ಕಡೆ ಪದರ ತೆಳುವಾಗಿದೆ ಎಂದು ಲೇಸರ್ ಹಾಕಿದ್ದರು. ಆ ಮಾತು ಕೇಳಿದ ಮೇಲೆ ನನ್ನ ಭಯಕ್ಕೆ ತಳವೇ ಇಲ್ಲವಾಯಿತು.

ಗದಗಿನ ಕಡೆಯಿಂದ ಅತ್ತೆ ಬಂದರು. ನನ್ನ ಗಂಡನಿಗೆ ಯಶವಂತಪುರದ ಫ್ಯಾಕ್ಟರಿಯಲ್ಲಿ ಅಷ್ಟು ದಿನ ರಜೆ ಸಿಗುವ ಹಾಗಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಮತ್ತು ಅತ್ತೆ ಇಬ್ಬರೇ ಒಂದು ಮನೆಯಲ್ಲಿ ಪೂರ್ತಿ ದಿನ ಕಳೆದಿದ್ದು ಕಡಿಮೆ. ಅವರು ಮಾತು ಕಡಿಮೆಯ ಮನುಷ್ಯರು. ನನ್ನ ಪುಸ್ತಕದ ಕಪಾಟಿನ ಧೂಳು ಒರೆಸಿದ್ದಾರೆಯೇ ಹೊರತು ಯಾವುದನ್ನೂ ತೆರೆದು ನೋಡಿದವರಲ್ಲ. ಅವರ ಓದು ಶ್ರಾವಣದಲ್ಲಿ ಪುರಾಣ ಹೇಳುವಷ್ಟು, ಪಂಚಾಂಗ ನೋಡುವಷ್ಟು.

ಮಂಚದ ಅಂಚಿಗೆ ದಿಂಬುಗಳನ್ನು ಒಟ್ಟಿ, ಹಣೆ ಊರಿ, ನಾನು ನೆಲ ನೋಡುತ್ತಾ ಮಲಗಿದೆ. ಮೊಸಾಯಿಕ್ ನೆಲದ ಕಪ್ಪು ಬಿಳಿ ಚೂರುಗಳು ಮಾತ್ರ ಬಲಗಣ್ಣಿಗೆ ಕಾಣುತ್ತಿದ್ದವು. ಎಡಗಣ್ಣಿಗೆ ನೀರಿನಲ್ಲಿ ಮುಳುಗಿದವರಿಗೆ ಕಾಣುವಂಥ ಬೂದು ಬೆಳಕು. ಗಂಡ ಮೊಬೈಲಿನಲ್ಲಿ ಯಾವುದೋ ಆಡಿಯೋ ಕಥೆ ಹಾಕಿಟ್ಟು ಹೋಗಿದ್ದರು. ಆ ಧ್ವನಿ ನನ್ನನ್ನು ಬಿಟ್ಟು ತನ್ನ ಪಾಡಿಗೆ ಓಡುತ್ತಿತ್ತು. ನನ್ನ ತಲೆ ಮಾತ್ರ ಒಂದೇ ಕಡೆ ಸುತ್ತುತ್ತಿತ್ತು: ಇದು ಹೀಗೇ ಉಳಿದರೆ? ಬಲಗಣ್ಣೂ ಹೀಗಾದರೆ? ಅಳುವಂತೆಯೂ ಇರಲಿಲ್ಲ, ಅತ್ತರೆ ಕಣ್ಣಿಗೆ ಏನಾಗುತ್ತದೋ ಎಂಬ ಹೆದರಿಕೆ.

“ಅದನ್ನ ಆರಿಸ್ಲೇನವಾ?” ಅತ್ತೆ ಕೇಳಿದರು. ನನಗೆ ಅವರ ಪಾದಗಳು, ಕಾಲುಂಗುರ ಮಾತ್ರ ಕಂಡವು.

“ಆರಿಸಿ ಅತ್ತೆ.”

ಮೊಬೈಲು ಆರಿಸಿ, “ನಾ ಏನರ ಓದ್ಲಿ?” ಎಂದರು. “ನಿನ್ನ ಪುಸ್ತಕದಾಗಿಂದs. ಚಂದಗ ಓದಾಕ ಬರೂದಿಲ್ಲ ನನಗ.”

ನಾನು ಕೊಲೆಯ ಕಾದಂಬರಿ ತರಲು ಹೇಳಿದೆ, ಅರ್ಧಕ್ಕೆ ನಿಂತಿತ್ತಲ್ಲ. ಅತ್ತೆ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಓದಲು ಶುರುಮಾಡಿದರು. ಅವರಿಗೆ ಗೊತ್ತಿದ್ದುದು ಪುರಾಣ ಓದುವ ಧಾಟಿ ಒಂದೇ. ಲಾಡ್ಜಿನ ಮೆಟ್ಟಿಲ ಮೇಲೆ ಹೆಣ ಬಿದ್ದದ್ದನ್ನೂ, ಪೊಲೀಸರು ಜೀಪಿನಿಂದ ಇಳಿದದ್ದನ್ನೂ ಅದೇ ಧಾಟಿಯಲ್ಲಿ, ಸಾಲಿನ ಕೊನೆಯನ್ನು ಎಳೆದು ಎಳೆದು ಓದಿದರು. ಎರಡು ಪುಟವಾದ ಮೇಲೆ ತಡೆದು, “ಇಂಥಾವು ಓದ್ತೀಯೇನವಾ ನೀ, ಬಸ್ಸಿನಾಗ ಒಬ್ಬಾಕೀನ ಕುಂತು?” ಎಂದು ಕೇಳಿದರು. ಆ ವಾರದಲ್ಲಿ ನನಗೆ ನಗು ಬಂದದ್ದು ಅದೇ ಮೊದಲು.

ಹೀಗೆ ದಿನಗಳು ಸಾಗಿದವು. ಅಡುಗೆ ಮುಗಿಸಿ, ನನ್ನ ಕಣ್ಣಿಗೆ ಹನಿ ಹಾಕಿ, ಅತ್ತೆ ಕಿಟಕಿಗೆ ಬರುತ್ತಿದ್ದರು. ಹೆಣದ ಭಾಗ ಬಂದರೆ, “ಸಾಕು, ಈಗ ಆ ನೊಣದ್ದು” ಎಂದು ತಾವೇ ಪುಸ್ತಕ ಬದಲಿಸುತ್ತಿದ್ದರು. ರಾಣಿಜೇನು ಸತ್ತರೆ ಗೂಡಿಗೆ ಬೇಗನೆ ಗೊತ್ತಾಗಿಬಿಡುತ್ತದೆ ಎಂಬುದನ್ನು ಎರಡೆರಡು ಸಲ ಓದಿದರು. ಮರುಭೂಮಿಯಲ್ಲಿ ಒಬ್ಬಳೇ ತಿರುಗಿದ ಹೆಂಗಸಿನ ಪ್ರವಾಸ ಕಥನ ಅವರಿಗೆ ತುಂಬ ಹಿಡಿಸಿತು. ಅದರಲ್ಲಿ ಆಕೆ ನೀರಿಲ್ಲದೆ ದಾರಿ ತಪ್ಪಿದಾಗ, “ಇದು ಖರೇ ನಡದದ್ದೇನು, ಕಟ್ಟಿದ್ದೇನು?” ಎಂದರು. ನಿಜವಾಗಿ ನಡೆದದ್ದೇ ಎಂದೆ. “ಹಂಗಾರ ಬದುಕಿರತಾಳ, ಅದಕ್ಕs ಬರದಾಳ” ಎಂದು ಧೈರ್ಯವಾಗಿ ಮುಂದಕ್ಕೆ ಓದಿದರು. ನಾನು ಆ ಮಾತನ್ನು ಹಿಡಿದುಕೊಂಡು ಒಂದಿಡೀ ಸಂಜೆ ಕಳೆದೆ.

ಮನುಷ್ಯನ ದೇಹದ ಬಗ್ಗೆ ಒಂದು ಪುಸ್ತಕವಿತ್ತು. ಅದನ್ನು ನಾನು ಹಿಂದೆ ಓದಿದ್ದೆ. ಒಂದು ದಿನ ಅತ್ತೆಯೇ ಅದನ್ನು ತೆಗೆದುಕೊಂಡು ಚರ್ಮ, ಕಿವಿ ಎಂದು ಓದುತ್ತಾ ಹೋದರು. ಕಿವಿಯ ನಂತರ ಹಾಳೆ ಮಗುಚುವ ಸದ್ದು ಒಮ್ಮೆ ಬರಬೇಕಾದಲ್ಲಿ ಹಲವು ಬಾರಿ ಬಂತು. ಆಮೇಲೆ ಮೂಗು ಶುರುವಾಯಿತು.

“ಅತ್ತೆ, ಕಣ್ಣಿನ ಅಧ್ಯಾಯ ಬಿಟ್ರಿ.”

“ಇದರಾಗ ಕಣ್ಣಿನ ಸುದ್ದಿನs ಇಲ್ಲವಾ.”

ಇದೆ ಎಂದು ನನಗೆ ಗೊತ್ತಿತ್ತು. ಆದರೂ ನಾನು ಒತ್ತಾಯಿಸಲಿಲ್ಲ. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಹೇಳಿದ ಆ ಸುಳ್ಳು ನನ್ನನ್ನು ಬಹಳ ಹೆದರಿಸಿತು. ಡಾಕ್ಟರು ನನಗೆ ಹೇಳದ್ದನ್ನು ಅತ್ತೆಗೆ ಹೇಳಿದ್ದಾರೇನೋ, ಮನೆಯಲ್ಲಿ ಎಲ್ಲರಿಗೂ ತಿಳಿದ ಯಾವುದೋ ವಿಷಯ ನನ್ನ ಬೆನ್ನ ಹಿಂದೆ ನಿಂತಿದೆಯೇನೋ ಅನ್ನಿಸಿತು. ತಲೆ ಎತ್ತಿ ಅವರ ಮುಖ ನೋಡುವಂತಿದ್ದರೆ ತಿಳಿಯುತ್ತಿತ್ತು. ನನಗೆ ಕಾಣುತ್ತಿದ್ದುದು ಅವರ ಪಾದಗಳು ಮಾತ್ರ.

ಮುಂದೆ ಒಂದು ಮಧ್ಯಾಹ್ನ ಎಡಗಣ್ಣಿನ ಹಿಂದೆ ನೋವು ಎದ್ದಿತು. ಮೊದಲು ಹುಬ್ಬಿನಲ್ಲಿ, ಆಮೇಲೆ ಅರ್ಧ ತಲೆಗೆ. ವಾಂತಿಯಾಯಿತು. ಬೂದು ಬೆಳಕಿದ್ದ ಜಾಗ ಕಪ್ಪಾಗುತ್ತಾ ಬಂತು. “ಅತ್ತೆ, ಏನೂ ಕಾಣ್ತಿಲ್ಲ” ಎಂದೆ. ಅವರ ಪಾದಗಳು ಅಲ್ಲೇ ಗಟ್ಟಿಯಾಗಿ ನಿಂತುಬಿಟ್ಟವು. ಮರುಕ್ಷಣ ಅವು ಓಡಿದವು. ಗಂಡನಿಗೆ ಫೋನು ಹೋಯಿತು, ನೇರ ಆಸ್ಪತ್ರೆಗೇ ಬರುತ್ತೇನೆಂದರು. ಬೀದಿಯ ಕೊನೆಯಿಂದ ಆಟೋ ಬಂತು.

ಆಟೋದಲ್ಲಿ ಅತ್ತೆಯ ಮಡಿಲಿಗೆ ಮುಖ ಹುದುಗಿಸಿ ಬಾಗಿ ಕೂತೆ. ನಡುವಯಸ್ಸಿನ ಡ್ರೈವರು, “ಏನಾಯ್ತಮ್ಮ?” ಎಂದು ಕೇಳಿದರು. ಅತ್ತೆ ಹೇಳಿದರು. “ಆಯ್ತು ಬನ್ನಿ, ಹೋಗೋಣ. ಹೆಬ್ಬಾಳದತ್ರ ಮಾತ್ರ ಜಾಮ್ ಇರುತ್ತೆ” ಎಂದರು.

ಜಾಮ್ ಇತ್ತು. ಆಟೋ ನಿಂತಿತು, ಒಂದಿಷ್ಟು ತೆವಳಿತು, ಮತ್ತೆ ನಿಂತಿತು. ಸುತ್ತಲೂ ಹಾರನ್ನುಗಳು. ಪ್ರತಿಯೊಂದು ಹಾರನ್ನೂ ಕಣ್ಣಿಗೆ ಚುಚ್ಚುತ್ತಿತ್ತು. ಕಣ್ಣೊಳಗೆ ಕತ್ತಲಾಗುತ್ತಿದೆ, ನಾವು ಇಲ್ಲೇ ನಿಂತಿದ್ದೇವೆ. “ಅತ್ತೆ, ಏನಾದ್ರೂ ಮಾತಾಡಿ” ಎಂದು ಅವರ ಸೀರೆ ಹಿಡಿದೆ.

ಅವರು ಕೈಚೀಲದಲ್ಲಿ ಏನೋ ತಡಕಿದರು. ಆಸ್ಪತ್ರೆಯ ಕಾಗದಗಳ ಜೊತೆಗೆ, ಗಾಬರಿಯಲ್ಲಿ, ಮಂಚದ ಮೇಲಿದ್ದ ಕಾದಂಬರಿಯನ್ನೂ ತುಂಬಿಕೊಂಡು ಬಂದಿದ್ದರು. ನನ್ನ ಬೆನ್ನ ಮೇಲೆಯೇ ಅದನ್ನು ತೆರೆದಿಟ್ಟು ಓದತೊಡಗಿದರು. ಧಾಟಿ ಅದೇ, ಆದರೆ ಧ್ವನಿ ನಡುಗುತ್ತಿತ್ತು. ಲಾಡ್ಜಿನ ಮ್ಯಾನೇಜರು ಕೀಲಿಕೈ ಕಳೆದುಹೋಗಿದೆ ಎನ್ನುತ್ತಾನೆ. ಅಡುಗೆಯವಳು ಅದನ್ನು ಬೆಳಿಗ್ಗೆ ತಾನೇ ಅವನ ಜೇಬಿನಲ್ಲಿ ನೋಡಿದೆ ಎನ್ನುತ್ತಾಳೆ. ನಾನು ಆ ಕೀಲಿಕೈ ಒಂದನ್ನೇ ಗಟ್ಟಿಯಾಗಿ ಯೋಚಿಸಿದೆ.

“ಅಮ್ಮಾ, ಸ್ವಲ್ಪ ಜೋರಾಗಿ ಓದಿ. ಹಾರನ್ ಸೌಂಡಲ್ಲಿ ಕೇಳಿಸ್ತಿಲ್ಲ” ಎಂದರು ಡ್ರೈವರು.

ಅತ್ತೆ ಧ್ವನಿ ಏರಿಸಿದರು. ಮುಂದಿನ ಕಾರಿನವರಿಗೆ, “ಸಾರ್, ಪೇಷಂಟ್ ಇದ್ದಾರೆ, ದಾರಿ ಬಿಡಿ” ಎಂದು ಕೂಗುತ್ತಾ, ನಡುನಡುವೆ “ಹ್ಞೂಂ, ಆಮೇಲೆ?” ಎನ್ನುತ್ತಾ, ಡ್ರೈವರು ಫ್ಲೈಓವರಿನ ಪಕ್ಕದ ರಸ್ತೆಗೆ ಆಟೋ ನುಗ್ಗಿಸಿದರು. ಆಸ್ಪತ್ರೆಯ ಬಾಗಿಲಲ್ಲಿ ನನ್ನನ್ನು ಇಳಿಸುವಾಗ ಮೆಲ್ಲಗೆ ಹೇಳಿದರು, “ಆ ಮ್ಯಾನೇಜರೇ ಮಾಡಿರ್ತಾನೆ ನೋಡಿ. ಹುಷಾರಾಗ್ತೀರ ಮೇಡಂ, ಹೋಗ್ಬನ್ನಿ.”

ಕಣ್ಣೊಳಗೆ ಒತ್ತಡ ಏರಿತ್ತು. ಡಾಕ್ಟರು ಮಾತ್ರೆ ನುಂಗಿಸಿದರು, ಹನಿ ಹಾಕಿದರು, ಸಾಲದೆಂದು ಸೂಜಿ ತಂದರು. “ಚೂರು ಗ್ಯಾಸ್ ತೆಗೀತೀನಿ. ಅಲ್ಲಾಡಬೇಡಿ” ಎಂದರು. ಎಚ್ಚರವಿದ್ದಾಗಲೇ ಕಣ್ಣಿನ ಕಡೆಗೆ ಸೂಜಿ ಬರುವುದನ್ನು ಕಾಯುವುದು ಹೇಗಿರುತ್ತದೆಂದು ನಾನು ಯಾರಿಗೂ ಸರಿಯಾಗಿ ಹೇಳಲಾರೆ. ನನಗೆ ದೇವರ ಹೆಸರೂ ನೆನಪಾಗಲಿಲ್ಲ. ಆಮೇಲೆ ನೋವು ಇಳಿಯಿತು. ಬಹಳ ನಿಧಾನವಾಗಿ ಆ ಬೂದು ಬೆಳಕು ಮರಳಿ ಬಂದಾಗ, ಮೊದಲು ನನಗೆ ಸಹಿಸಲಾಗದಿದ್ದ ಅದೇ ಬೂದು ಬೆಳಕನ್ನು ಕಂಡು ಬಾಯಿಗೆ ಸೆರಗು ಒತ್ತಿಕೊಂಡೆ.

ಹೊರಗೆ ಬೆಂಚಿನ ಮೇಲೆ ಅತ್ತೆ ನನ್ನ ಪಕ್ಕ ಕೂತರು. ಗಂಡ ಔಷಧಿ ತರಲು ಹೋಗಿದ್ದರು.

“ನಮ್ಮವ್ವಗೂ ಹಿಂಗs ನೋವು ಎದ್ದಿತ್ತು” ಎಂದರು ಅತ್ತೆ. “ನಾ ಆಗ ಸಣ್ಣಾಕಿ. ತಲೀಗೆ ಬಟ್ಟಿ ಕಟಗೊಂಡು ಮಲಗಿದ್ಲು. ಬೆಳಕ ಹರದ ಮ್ಯಾಲೆ ಎದ್ದು, ಇನ್ನೂ ಯಾಕ ದೀಪಾ ಹಚ್ಚಿಲ್ಲ ಅಂತ ಕೇಳಿದ್ಲು. ದವಾಖಾನಿ ಭಾಳ ದೂರ ಇತ್ತು.”

ಅತ್ತೆಯ ಪಾದಗಳು ಬೆಂಚಿನ ಕೆಳಗೆ ಸರಿದವು.

“ಅದಕ್ಕs ಆ ಕಣ್ಣಿನ ಪಾಠ ಬಿಟ್ಟೆ ನಾ. ನಿನಗ ಅಂಜಿಕಿ ಆಗ್ತದ ಅಂತಲ್ಲ. ನನಗs ಓದಾಕ ಆಗಲಿಲ್ಲ.”

ನೆಲ ನೋಡುತ್ತಲೇ ನಾನು ಕೈ ಚಾಚಿ ಅವರ ಕೈ ಹಿಡಿದೆ. ಅದು ತಣ್ಣಗಿತ್ತು. ಇಷ್ಟು ದಿನ ನನ್ನ ತಲೆಯ ಮೇಲಿನಿಂದ ಸಮನಾಗಿ ಬರುತ್ತಿದ್ದ ಧ್ವನಿಯ ಹಿಂದೆ ನನಗಿಂತ ಹೆಚ್ಚು ಹೆದರಿದವರೊಬ್ಬರು ಕೂತಿದ್ದರು ಎಂದು ಆಗ ತಿಳಿಯಿತು.

ತಲೆ ಎತ್ತಲು ಅನುಮತಿ ಸಿಕ್ಕ ಮೇಲೆ ಗುಳ್ಳೆ ಕರಗುತ್ತಾ ಬಂತು. ಗಾರೆಯವರ ಮಟ್ಟಗೋಲಿನೊಳಗಿನ ನೀರಿನಂತೆ ಕಣ್ಣೊಳಗೆ ಒಂದು ಗೆರೆ ಅಲುಗಾಡುತ್ತಾ ದಿನದಿನಕ್ಕೆ ಕೆಳಗಿಳಿಯಿತು. ಗೆರೆಗಿಂತ ಮೇಲೆ ಮೊದಲು ಕಿಟಕಿ, ಆಮೇಲೆ ಕ್ಯಾಲೆಂಡರ್, ಆಮೇಲೆ ಅತ್ತೆಯ ಮುಖ ಕಂಡವು. ಓದಲು ಡಾಕ್ಟರು ಒಪ್ಪಿದ ದಿನ ನಾನು ಅರ್ಧ ದಿನ ಪುಸ್ತಕದ ಹತ್ತಿರವೇ ಹೋಗಲಿಲ್ಲ. ಕೊನೆಗೆ ಬಲಗಣ್ಣು ಮುಚ್ಚಿ ಒಂದು ಪುಟ ತೆರೆದೆ. ಸಾಲುಗಳ ಮೊದಲ ಅಕ್ಷರಗಳು ಬಂದಿದ್ದವು, ಆದರೆ ಸಾಲುಗಳೇ ಡೊಂಕಾಗಿದ್ದವು, ನಡುವೆ ಹಳ್ಳ ಬಿದ್ದ ಹಾಗೆ. ದೊಡ್ಡ ಅಕ್ಷರವಾದರೆ ಓದಬಲ್ಲೆ. ಸಣ್ಣ ಅಕ್ಷರ ಕಲಸಿಹೋಗುತ್ತದೆ. ಎಡ ಅಂಚಿನಲ್ಲಿ ಒಂದಿಷ್ಟು ಜಾಗ ಮರಳಿ ಬರಲೇ ಇಲ್ಲ. “ಇಷ್ಟು ಉಳಿದಿರೋದೇ ಒಳ್ಳೇದು” ಎಂದರು ಡಾಕ್ಟರು. ಬಲಗಣ್ಣು ಸದ್ಯಕ್ಕೆ ಚೆನ್ನಾಗಿದೆ. ಆ ‘ಸದ್ಯಕ್ಕೆ’ ಎಂಬ ಮಾತು ನನ್ನ ಜೊತೆ ಉಳಿದುಬಿಟ್ಟಿದೆ. ಈಗಲೂ ಎದ್ದ ಕೂಡಲೇ ಒಂದೊಂದೇ ಕಣ್ಣು ಮುಚ್ಚಿ ಕಿಟಕಿಯ ಸರಳು ನೋಡುತ್ತೇನೆ. ಗೋಡೆಯ ಮೇಲೆ ಹಲ್ಲಿಯ ನೆರಳು ಓಡಿದರೂ ಎದೆ ಧಸಕ್ಕೆನ್ನುತ್ತದೆ.

ಅತ್ತೆ ಊರಿಗೆ ಹೊರಡುವ ಹಿಂದಿನ ದಿನ ನಾವಿಬ್ಬರೂ ಆರ್.ಟಿ. ನಗರದ ಹಳೆ ಪುಸ್ತಕದ ಅಂಗಡಿಗೆ ಹೋದೆವು. ಬಸ್ಸಿನಲ್ಲಿ ಓದಲು ಏನಾದರೂ ಬೇಕೆಂದು ಅವರೇ ಕೇಳಿದ್ದರು. ಒಳಗೆ ಮಬ್ಬು ಬೆಳಕು, ಒಟ್ಟಿಟ್ಟ ಪುಸ್ತಕಗಳ ಬೆನ್ನಿನ ಹೆಸರು ನನಗೆ ಸ್ಪಷ್ಟವಾಗಲಿಲ್ಲ. ಅತ್ತೆ ಕತ್ತು ವಾಲಿಸಿ ಒಂದೊಂದನ್ನೇ ಜೋರಾಗಿ ಓದಿ ಹೇಳಿದರು. ಹಾವುಗಳು, ಅಡುಗೆ, ಒಬ್ಬ ಪೈಲ್ವಾನನ ಜೀವನ, ದೆವ್ವದ ಕಥೆಗಳು. ಅವರು ದೆವ್ವವನ್ನೂ ಹಾವನ್ನೂ ತೆಗೆದುಕೊಂಡರು. “ಒಂದು ಕಟ್ಟಿದ್ದು, ಒಂದು ಖರೇದ್ದು” ಎಂದರು.

ಹೊರಗೆ ಮುಖ್ಯರಸ್ತೆ ದಾಟಬೇಕಿತ್ತು. ನಾನು ಕಾಲಿಡುವಷ್ಟರಲ್ಲಿ ಎಡಗಡೆಯಿಂದ, ನನಗೆ ಏನೂ ಕಾಣದ ಜಾಗದಿಂದ, ರಾಂಗ್ ಸೈಡಿನಲ್ಲಿ ಬಂದ ಸ್ಕೂಟರೊಂದು ಸದ್ದು ಮಾಡುತ್ತಾ ಮೈಗೆ ತಾಗುವಷ್ಟು ಹತ್ತಿರ ಹಾದುಹೋಯಿತು. ನಾನು ಅಲ್ಲೇ ನಿಂತುಬಿಟ್ಟೆ. ಮುಂದೆ ಹೋಗಲೂ ಆಗಲಿಲ್ಲ, ಹಿಂದೆ ಬರಲೂ ಆಗಲಿಲ್ಲ. ಅತ್ತೆ ಪುಸ್ತಕದ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, ನನ್ನನ್ನು ಸುತ್ತಿ ಎಡಗಡೆಗೆ ಬಂದು ನನ್ನ ತೋಳು ಹಿಡಿದರು.

“ಈ ಕಡೆ ನಾ ಇರ್ತೀನಿ. ನಡಿಯವಾ” ಎಂದರು.