ಎದುರು ಕಾಲೇಜಿನ ಓಟಗಾರ್ತಿ

ಕ್ರೀಡಾ ವಿಭಾಗದ ಮೇಷ್ಟ್ರಿಗೆ ರಸ್ತೆಯಾಚೆಯ ಕಾಲೇಜಿನ ಹೆಸರೆತ್ತಿದರೆ ಮೈಯೆಲ್ಲ ಉರಿಯುತ್ತಿತ್ತು. ಅಲ್ಲಿ ಆಟಗಾರರಿಗೆಂದು ಸಂಜೆ ಪಾಠ ಶುರುವಾದರೆ, ಮರುದಿನವೇ ತಮ್ಮ ಪಂಚವಾರ್ಷಿಕ ಯೋಜನೆಗೂ ಅದನ್ನು ತುರುಕಿ, "ಇದು ನನ್ನ ತಲೇಲಿ ಮೊದಲಿಂದ್ಲೂ ಇತ್ತು" ಎಂದು ಪ್ರಾಂಶುಪಾಲರ ಮುಂದೆ ಹರಡುತ್ತಿದ್ದರು. ಪ್ರಾಂಶುಪಾಲರು ಆಕಳಿಸುತ್ತ, "ಮುಂದಿನ ವರ್ಷ ನೋಡೋಣ ಮೇಷ್ಟ್ರೇ" ಎನ್ನುತ್ತಿದ್ದರು. ಕೊನೆಗೆ ಮೇಷ್ಟ್ರೇ ಕೈಹಿಡಿದು ಬೆಳೆಸಿದ ಓಟಗಾರ್ತಿಯೂ ಸ್ನಾತಕೋತ್ತರ ಓದಿಗೆ ಆ ಕಡೆಗೇ ಸೇರಿದಳು. ಅಂದಿನಿಂದ ಅವರು ಚಹಾದ ನೆಪದಲ್ಲಿ ಕಿಟಕಿಗೆ ಅಂಟಿಕೊಂಡು ಅವಳ ಓಟ ನೋಡುವರು, "ಕೆಡಿಸಿಬಿಟ್ರು, ಪೂರ್ತಿ ಕೆಡಿಸಿಬಿಟ್ರು" ಎಂದು ಗೊಣಗುವರು; ಅವಳು ಮೊದಲಿಗಿಂತ ಚೆನ್ನಾಗಿ ಓಡುತ್ತಿದ್ದುದೇ ಅವರ ಹೊಟ್ಟೆಯುರಿಗೆ ತುಪ್ಪ ಸುರಿಯುತ್ತಿತ್ತು. ಅಂತರಕಾಲೇಜು ಕೂಟದ ಹಿಂದಿನ ದಿನ ಅವಳು ಬಲಗಾಲನ್ನು ತುಸು ಎಳೆದು ಹಾಕುತ್ತಿದ್ದುದು ಕಣ್ಣಿಗೆ ಬಿತ್ತು. ಇನ್ನು ಪದಕ ನಮ್ಮದೇ ಎಂದು ಮನಸ್ಸು ಒಂದು ಕ್ಷಣ ಕುಣಿಯಿತು. ಮರುಕ್ಷಣ ಲೋಟವನ್ನು ಅಲ್ಲೇ ಬಿಟ್ಟು ರಸ್ತೆ ದಾಟಿ, ವರ್ಷಗಟ್ಟಲೆ ಮಾತಾಡಿಸದಿದ್ದ ಆ ಕಾಲೇಜಿನ ತರಬೇತುದಾರನೆದುರು ನಿಂತು, "ನಾಳೆ ಆ ಹುಡುಗೀನ ಓಡಿಸ್ಬೇಡಿ. ಮೀನಖಂಡ ಹರಿದ್ರೆ ವರ್ಷವೇ ಹೋಗುತ್ತೆ" ಎಂದರು. ಆತ ಸರಿಯೆಂದು ತಲೆಯಾಡಿಸುವಷ್ಟರಲ್ಲಿ ಅವಳು "ಸರ್" ಎನ್ನುತ್ತ ಮೈದಾನದ ಆ ತುದಿಯಿಂದ ಓಡಿಬಂದಳು. "ಓಡಿಸ್ಬೇಡಿ ಅಂತ ಈಗ್ತಾನೆ ಇವ್ರಿಗೆ ಹೇಳ್ದೆ ಕಣೇ" ಎಂದು ಗದರಿದರು ಮೇಷ್ಟ್ರು, "ನಡ್ಕೊಂಡು ಬಾ."